ಸ್ಯಾಕ್ರಮೆಂಟೊ ಬಿಡುವ ಮೊದಲು ಇದನ್ನು ಓದು, ಪುಟ್ಟಿ

ಸಾಗರ
ಫೆಬ್ರವರಿ 2025

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು. ನಾವೆಲ್ಲ ಕ್ಷೇಮ.

ಮೊನ್ನೆ ಫೋನಿನಲ್ಲಿ ನಿನ್ನ ದನಿ ಕುಗ್ಗಿತ್ತು. "ಎಲ್ಲ ಮುಗೀತು ದೊಡ್ಡಪ್ಪ, ಇನ್ನು ಈ ಕ್ಯಾಲಿಫೋರ್ನಿಯಾ ರಾಜ್ಯದ ಕಚೇರಿಯಲ್ಲಿ ಕೂತು ಏನು ಮಾಡಲಿ? ವಾಷಿಂಗ್ಟನ್ನಿಗೇ ಹೋಗ್ತೀನಿ" ಅಂದೆ. ಜನವರಿ 2ರಂದು ಸಿನ್ಸಿನಾಟಿಯ ಆರನೇ ಸರ್ಕ್ಯೂಟ್ ಎಂಬ ಕೇಂದ್ರದ ಮೇಲ್ಮನವಿ ನ್ಯಾಯಾಲಯ, ಅಮೆರಿಕದ ದೂರಸಂಪರ್ಕ ನಿಯಂತ್ರಕ ಎಫ್‌ಸಿಸಿ 2024ರಲ್ಲಿ ಮತ್ತೆ ತಂದಿದ್ದ ನೆಟ್ ನ್ಯೂಟ್ರಾಲಿಟಿ ನಿಯಮಗಳನ್ನು, ಅಂದರೆ ಇಂಟರ್ನೆಟ್ ಕಂಪನಿಗಳು ಎಲ್ಲರ ಮಾಹಿತಿಯನ್ನೂ ಒಂದೇ ಸಮ ಸಾಗಿಸಬೇಕೆಂಬ ನಿಯಮಗಳನ್ನು, ಹೊಡೆದುಹಾಕಿದ್ದು ನಿನಗೆ ಎಷ್ಟು ನೋವು ತಂದಿದೆ ಅಂತ ಬಲ್ಲೆ. ಆಗ ಹೇಳಬೇಕಾದ್ದು ಬಾಯಿಗೆ ಬರಲಿಲ್ಲ, ಅದಕ್ಕೇ ಬರೆಯಲು ಕೂತೆ.

ಈ ವಿಷಯ ನನಗೇಕೆ ಇಷ್ಟು ಹತ್ತಿರ ಅಂತ ನಿನಗೆ ಯಾವತ್ತೂ ಹೇಳಿಲ್ಲ ಅನ್ನಿಸುತ್ತೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಟ್ರಂಕ್ ಬೋರ್ಡಿನ ಮುಂದೆ ಕೂರುತ್ತಿದ್ದೆ. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಅಂತ ಕಾಲ್‌ಗಳಲ್ಲಿ ಮೂರು ಬಗೆ. ತಂತಿ ಮಾತ್ರ ಒಂದೇ. ಬೆಳಗ್ಗೆ ಆರ್ಡಿನರಿ ಬುಕ್ ಮಾಡಿದ ಮುದುಕಿಯೊಬ್ಬಳು, ಮಗನ ಜೊತೆ ಎರಡು ಮಾತಾಡಬೇಕು ಅಂತ, ಸಂಜೆಯವರೆಗೂ ಬೆಂಚಿನ ಮೇಲೆ ಕೂತಿದ್ದಳು. ಆಮೇಲೆ ಬಂದ ಅಡಿಕೆ ಮಂಡಿಯವರು ಲೈಟ್ನಿಂಗ್ ಹಾಕಿ, ಧಾರಣೆ ಕೇಳಿಕೊಂಡು ಹೊರಟುಹೋದರು. ಅವಳ ಸರದಿ ತಪ್ಪಿಸಿದ ಕೈ ನನ್ನದು. ನಿಯಮ ಹಾಗಿತ್ತು, ನಿಜ. ಆದರೂ ದುಡ್ಡು ಕೊಟ್ಟವರ ಮಾತು ಮೊದಲು ಹೋಗಲಿ ಅಂತ ಯಾರಾದರೂ ಅಂದಾಗ ನನಗೆ ಕಾಣುವುದು ಆ ಬೆಂಚು.

ಇನ್ನು ನಿನ್ನ "ಮುಗೀತು"ವಿನ ವಿಚಾರ. 2017ರ ಡಿಸೆಂಬರ್ 14ರಂದು ಅಜಿತ್ ಪೈ ಅಧ್ಯಕ್ಷರಾಗಿದ್ದ ಎಫ್‌ಸಿಸಿ 3-2 ಮತಗಳಿಂದ ತನ್ನದೇ 2015ರ ನೆಟ್ ನ್ಯೂಟ್ರಾಲಿಟಿ ನಿಯಮಗಳನ್ನು ಕಿತ್ತುಹಾಕಿತು. ಇಂಟರ್ನೆಟ್ ಸೇವೆ ಟೆಲಿಫೋನಿನಂಥದ್ದಲ್ಲ, ಅದು ಇನ್ಫರ್ಮೇಶನ್ ಸರ್ವಿಸ್, ಅದನ್ನು ಟೆಲಿಫೋನ್ ಕಂಪನಿಗಳಿಗೆ ಅನ್ವಯಿಸುವ ಕಾನೂನಿನ ಟೈಟಲ್ 2 ಎಂಬ ಭಾಗದ ಅಡಿ ಕಟ್ಟಿಹಾಕಲು ಬರುವುದಿಲ್ಲ ಅಂದಿತು. ಅದೇ ಆದೇಶದಲ್ಲಿ, ರಾಜ್ಯಗಳೂ ಇಂಥ ನಿಯಮ ಮಾಡಕೂಡದು ಅಂತ ಸೇರಿಸಿತು. ಹೊಲ ನನ್ನದಲ್ಲ ಅಂದವನೇ ಬೇಲಿ ಹಾಕಲು ಬಂದ ಹಾಗಾಯಿತು. 2019ರ ಅಕ್ಟೋಬರ್ 1ರಂದು ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯ ಡಿ.ಸಿ. ಸರ್ಕ್ಯೂಟ್, ಮೊಜಿಲ್ಲಾ ಕಂಪನಿ ಹೂಡಿದ ಪ್ರಕರಣದಲ್ಲಿ, ನಿಯಮ ಕಿತ್ತುಹಾಕಿದ್ದನ್ನು ಬಹುಮಟ್ಟಿಗೆ ಒಪ್ಪಿ, ಈ ಬೇಲಿಯನ್ನು ಕಿತ್ತಿತು. ನಿಯಂತ್ರಿಸುವ ಅಧಿಕಾರ ಇಲ್ಲದ ಕಡೆ ರಾಜ್ಯದ ಕಾನೂನನ್ನು ತಡೆಯುವ ಅಧಿಕಾರವೂ ಇಲ್ಲ ಎಂಬುದು ಆ ತೀರ್ಪಿನ ಜೀವಾಳ.

ನಿನ್ನ ಎಸ್‌ಬಿ 822, ಅಂದರೆ ಕ್ಯಾಲಿಫೋರ್ನಿಯಾದ ನೆಟ್ ನ್ಯೂಟ್ರಾಲಿಟಿ ಕಾನೂನು, ಉಳಿದದ್ದು ಅದರಿಂದ. ಆಗಿನ ಗವರ್ನರ್ ಜೆರ್ರಿ ಬ್ರೌನ್ 2018ರ ಸೆಪ್ಟೆಂಬರ್ 30ರಂದು ಸಹಿ ಹಾಕಿದ ದಿನವೇ ಕೇಂದ್ರದ ನ್ಯಾಯ ಇಲಾಖೆ ದಾವೆ ಹೂಡಿತ್ತು. 2021ರಲ್ಲಿ ಅದು ದಾವೆ ಹಿಂತೆಗೆದುಕೊಂಡಿತು. ಕಂಪನಿಗಳಿಗೆ ತಡೆಯಾಜ್ಞೆ ಸಿಗಲಿಲ್ಲ, 2022ರ ಜನವರಿಯಲ್ಲಿ ಒಂಬತ್ತನೇ ಸರ್ಕ್ಯೂಟ್ ಕೂಡ ರಾಜ್ಯದ ಕಡೆ ನಿಂತಿತು. ಕಾನೂನು ಜಾರಿಗೆ ಬಂದ ಹೊತ್ತಿಗೇ ಎಟಿ ಆಂಡ್ ಟಿ ತನ್ನ ಸ್ಪಾನ್ಸರ್ಡ್ ಡೇಟಾವನ್ನು (ದುಡ್ಡು ಕೊಟ್ಟ ಕಂಪನಿಗಳ ಡೇಟಾವನ್ನು ಗ್ರಾಹಕರ ಲೆಕ್ಕಕ್ಕೆ ಹಿಡಿಯದ ವ್ಯವಸ್ಥೆ) ಹೊರಗಿನ ರಾಜ್ಯಗಳಲ್ಲೂ ನಿಲ್ಲಿಸಿದ್ದನ್ನು ನೆನಪಿಡು. ಈಗ ಆರನೇ ಸರ್ಕ್ಯೂಟ್ ಹೇಳಿರುವುದೂ ಎಫ್‌ಸಿಸಿಗೆ ಈ ಅಧಿಕಾರವಿಲ್ಲ ಅಂತ ತಾನೆ? ಹಾಗಾದರೆ ನಿನ್ನ ಮೇಜಿನ ಮೇಲಿರುವ ಕಾಗದದ ತೂಕ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ. ಬಡ ಮನೆಗಳಿಗೆ ತಿಂಗಳಿಗೆ 15 ಡಾಲರಿಗೆ ಇಂಟರ್ನೆಟ್ ಕೊಡಬೇಕೆಂಬ ನ್ಯೂಯಾರ್ಕಿನ ಕಾನೂನೂ ಕಳೆದ ತಿಂಗಳಿಂದ ಜಾರಿಯಲ್ಲಿದೆ. ನಮ್ಮಲ್ಲಿ ಇದು ಕನಸಿನಲ್ಲೂ ಆಗದು. ಸಂವಿಧಾನದ ಏಳನೇ ಅನುಸೂಚಿಯಲ್ಲಿ ಟೆಲಿಫೋನು, ವೈರ್‌ಲೆಸ್ ಎಲ್ಲ ಕೇಂದ್ರಪಟ್ಟಿಯ 31ನೇ ನಮೂದು. 2016ರಲ್ಲಿ ನಮ್ಮ ದೂರಸಂಪರ್ಕ ನಿಯಂತ್ರಕ ಟ್ರಾಯ್ ತಾರತಮ್ಯದ ದರಗಳನ್ನು ನಿಷೇಧಿಸಿತು, ನಮ್ಮ ಪುಣ್ಯ. ನಿಷೇಧಿಸದೆ ಹೋಗಿದ್ದರೆ ವಿಧಾನಸೌಧ ಏನೂ ಮಾಡುವಂತಿರಲಿಲ್ಲ.

ನಿನಗೆ ಕಹಿಯಾಗುವ ಮಾತೊಂದಿದೆ. 2015ರ ಫೆಬ್ರವರಿ 26ರಂದು ಎಫ್‌ಸಿಸಿ ನಿನಗೆ ಪ್ರಿಯವಾದ ನಿಯಮಗಳನ್ನು ಪಾಸು ಮಾಡಿತಲ್ಲ, ಅವತ್ತೇ ಇನ್ನೊಂದು ಆದೇಶವನ್ನೂ ಹೊರಡಿಸಿತು. ಚಟ್ಟನೂಗಾ ಊರಿನದೇ ವಿದ್ಯುತ್ ಸಂಸ್ಥೆ ಸುತ್ತಲಿನವರಿಗೂ ಇಂಟರ್ನೆಟ್ ಕೊಡಲು ಹೊರಟಿತ್ತು, ಟೆನ್ನೆಸ್ಸೀ ರಾಜ್ಯದ ಕಾನೂನು ಅಡ್ಡ ಬಂದಿತ್ತು. ಎಫ್‌ಸಿಸಿ ಆ ಕಾನೂನನ್ನು ಬದಿಗೊತ್ತಿತು. ಅವತ್ತು ರಾಜ್ಯಗಳ ಹಕ್ಕಿನ ಪರ ಭಿನ್ನಮತ ಬರೆದವರು ಇದೇ ಅಜಿತ್ ಪೈ. ಸಂಭ್ರಮಿಸಿದವರು ನಿನ್ನ ಕಡೆಯವರು. 2016ರಲ್ಲಿ ಎಫ್‌ಸಿಸಿಗೆ ಆ ಅಧಿಕಾರವಿಲ್ಲ ಅಂತ ಹೇಳಿದ್ದು ಇದೇ ಸಿನ್ಸಿನಾಟಿಯ ನ್ಯಾಯಾಲಯ. 2015ರಿಂದ ಮೂರು ವರ್ಷ ತುಂಬುವ ಮೊದಲೇ ಇಬ್ಬರೂ ಜಾಗ ಅದಲುಬದಲು ಮಾಡಿಕೊಂಡರು! ನೀನು ಹಾಗಾಗಬೇಡ ಮಗಳೇ. ರಾಜ್ಯದ ಅಧಿಕಾರ ನಿನಗೆ ಒಪ್ಪಿಗೆಯಾದರೆ, ಟೆನ್ನೆಸ್ಸೀ ನಿನಗೆ ಒಗ್ಗದ ಕಾನೂನು ಮಾಡಿದಾಗಲೂ ಅದರ ಪರ ಏನು ಹೇಳಬಹುದು ಅಂತ ಯೋಚಿಸಿಟ್ಟುಕೊ. ನನಗೇ ಇದರ ಉತ್ತರ ಸುಲಭವಾಗಿ ಸಿಕ್ಕಿಲ್ಲ. ಚಟ್ಟನೂಗಾದ ಹೊರವಲಯದ ಮನೆಗಳ ಬಗ್ಗೆ ಯೋಚಿಸಿದರೆ ಮನಸ್ಸು ಎಫ್‌ಸಿಸಿಯ ಕಡೆಗೇ ವಾಲುತ್ತದೆ.

ಎಸ್‌ಬಿ 822 ಶಾಶ್ವತ ಅಂತಲೂ ನಂಬಬೇಡ. ನಾಳೆ ನಿಮ್ಮ ಸಂಸತ್ತು ಕಾಂಗ್ರೆಸ್ ಒಂದು ಸಾಲು ಬರೆದು ರಾಜ್ಯಗಳ ಕೈ ಕಟ್ಟಿದರೆ ಯಾವ ಸರ್ಕ್ಯೂಟೂ ಕಾಪಾಡಲಾರದು. ವಾಷಿಂಗ್ಟನ್ನಿಗೆ ಹೋಗುವುದಾದರೆ ಆ ಸಾಲು ಹೇಗಿರಬೇಕು ಅಂತ ಗೊತ್ತಿದ್ದು ಹೋಗು. ಅದಕ್ಕೆ ಮೊದಲು ಒಂದೆರಡು ವರ್ಷ ಸ್ಯಾಕ್ರಮೆಂಟೊದಲ್ಲೇ ಇದ್ದು, ಕಾನೂನು ಮುರಿದ ದೂರು ಬಂದಾಗ ಅದು ಯಾರ ಮೇಜಿಗೆ ಹೋಗುತ್ತದೆ, ಎಲ್ಲಿ ನಿಂತುಬಿಡುತ್ತದೆ ಅಂತ ಕಣ್ಣಾರೆ ನೋಡು ಅಂತ ನನ್ನ ಆಸೆ. ತೀರ್ಮಾನ ನಿನ್ನದು.

ಮೊಜಿಲ್ಲಾ ತೀರ್ಪನ್ನೂ ಟೆನ್ನೆಸ್ಸೀ ತೀರ್ಪನ್ನೂ ಪಕ್ಕಪಕ್ಕ ಇಟ್ಟುಕೊಂಡು ಓದಿ ಭಾನುವಾರ ಫೋನ್ ಮಾಡು, ನಾನೂ ಓದಿಟ್ಟಿರುತ್ತೇನೆ. ದೊಡ್ಡಮ್ಮ ಕಳಿಸಿದ ಅಪ್ಪೆಮಿಡಿ ತಲುಪಿತೇ ಅಂತ ತಿಳಿಸು.

ಇತಿ,
ನಿನ್ನ ದೊಡ್ಡಪ್ಪ