ಹಾಲಿನ ಹೆಸರಿನ ತಂಡವೊಂದರ ಕೊನೆಯ ಋತು

ಮಾನ್ಯ ಸಂಪಾದಕರೇ,

ಕಂಪನಿಯ ಹೆಸರು ಹೊತ್ತ ತಂಡವನ್ನು ಜನ ತಮ್ಮದೆಂದು ಭಾವಿಸಲು ಸಾಧ್ಯವೇ, ಅದು ಬರೀ ಜಾಹೀರಾತಲ್ಲವೇ ಎಂಬ ಚರ್ಚೆ ತಮ್ಮ ಪತ್ರಿಕೆಯ ಓದುಗರ ಪತ್ರಗಳಲ್ಲಿ ಈಚೆಗೆ ನಡೆಯಿತು. ಜಾಹೀರಾತು ಎಂದವರೇ ಹೆಚ್ಚು. ಫಿಲಿಪ್ಪೀನ್ಸ್‌ನ ಲಾಸ್ ಬಾನ್ಯೋಸ್‌ನಲ್ಲಿರುವ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯಲ್ಲಿ ಕೆಲವು ವರ್ಷ ದುಡಿದು ಬಂದ ನನಗೆ ಆ ತೀರ್ಮಾನ ಒಪ್ಪಿಗೆಯಾಗಲಿಲ್ಲ. ಅಲ್ಲಿನ ಬ್ಯಾಸ್ಕೆಟ್‌ಬಾಲ್ ಲೀಗ್‌ನ ಅಲಾಸ್ಕ ಎಂಬ ತಂಡ 2022ರಲ್ಲಿ ಮುಗಿಸಿದ ಕೊನೆಯ ಋತುವಿನ ಬಗ್ಗೆ ನಾಲ್ಕು ಮಾತು ಹೇಳಲು ಅವಕಾಶ ಕೋರುತ್ತೇನೆ.

1975ರ ಏಪ್ರಿಲ್ 9ರಂದು ಕೆಜಾನ್ ಸಿಟಿಯ ಅರನೆಟಾ ಕೊಲಿಸಿಯಂನಲ್ಲಿ ಆರಂಭವಾದ ಪಿಬಿಎ (ಫಿಲಿಪ್ಪೀನ್ ಬ್ಯಾಸ್ಕೆಟ್‌ಬಾಲ್ ಅಸೋಸಿಯೇಷನ್) ಏಷ್ಯಾದ ಮೊದಲ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್. ಅದರ ತಂಡಗಳಿಗೆ ಊರೆಂಬುದಿಲ್ಲ, ತವರು ಕ್ರೀಡಾಂಗಣವೂ ಇಲ್ಲ. ಸ್ಯಾನ್ ಮಿಗೆಲ್ ಎಂದರೆ ಬಿಯರ್, ಹಿನೆಬ್ರಾ ಎಂದರೆ ಜಿನ್, ರೇನ್ ಆರ್ ಶೈನ್ ಎಂದರೆ ಗೋಡೆಗೆ ಬಳಿಯುವ ಬಣ್ಣ, ಮೆರಾಲ್ಕೊ ಎಂದರೆ ವಿದ್ಯುತ್, ಎನ್‌ಎಲ್‌ಇಎಕ್ಸ್ ಎಂದರೆ ಹೆದ್ದಾರಿ. 2024ರ ಟಿ20 ವಿಶ್ವಕಪ್‌ನಲ್ಲಿ ಸ್ಕಾಟ್ಲೆಂಡ್ ಮತ್ತು ಐರ್ಲೆಂಡ್ ಆಟಗಾರರ ಅಂಗಿಯ ಮೇಲೆ ನಮ್ಮ ನಂದಿನಿಯ ಹೆಸರು ಕಂಡು ನಾವೆಲ್ಲ ಹಿಗ್ಗಿದ್ದೆವು. ಅಲ್ಲಿ ಹಾಲಿನ ಹೆಸರು ಅಂಗಿಯ ಮೇಲಷ್ಟೇ ಅಲ್ಲ, ಇಡೀ ತಂಡದ ಹೆಸರೇ ಅದು. ನಾನು ಹೇಳಹೊರಟಿರುವ ಅಲಾಸ್ಕ ತಂಡ ಡಬ್ಬಿ ಹಾಲಿನ ಕಂಪನಿಯದ್ದು. 1986ರಲ್ಲಿ ಲೀಗ್ ಸೇರಿದ ಈ ತಂಡ ನಡುವೆ ಕೆಲಕಾಲ ಕಾಫಿಯ ಹೆಸರಿನಲ್ಲೂ ಆಡಿತ್ತು.

ಇಂಥ ತಂಡಕ್ಕೆ ಅಭಿಮಾನಿಗಳು ಎಲ್ಲಿಂದ ಬರಬೇಕು ಎಂದು ನನಗೂ ಮೊದಮೊದಲು ಅನ್ನಿಸಿತ್ತು. ನನ್ನೊಂದಿಗೆ ಗದ್ದೆಯಲ್ಲಿ ಕೆಲಸ ಮಾಡುತ್ತಿದ್ದ ಹಿರಿಯರೊಬ್ಬರು ಅದಕ್ಕೆ ಉತ್ತರವಾಗಿ 1996ರ ಋತುವನ್ನು ಕಣ್ಣಿಗೆ ಕಟ್ಟುವಂತೆ ವರ್ಣಿಸುತ್ತಿದ್ದರು. ಪಿಬಿಎಯಲ್ಲಿ ಸಾಮಾನ್ಯವಾಗಿ ಒಂದು ಋತುವಿಗೆ ಮೂರು ಟೂರ್ನಿಗಳಿರುತ್ತವೆ. ಮೂರನ್ನೂ ಒಂದೇ ಋತುವಿನಲ್ಲಿ ಗೆಲ್ಲುವುದು ಗ್ರ್ಯಾಂಡ್ ಸ್ಲಾಮ್, ಮತ್ತು ಅದು ತೀರ ವಿರಳ. ಕೋಚ್ ಟಿಮ್ ಕೋನ್ ಅವರ ಕೈಕೆಳಗೆ, ಗಿಡ್ಡ ದೇಹದ ಜಾನಿ ಅಬಾರ್ರಿಯೆಂಟೋಸ್, ಜೋಜೊ ಲಾಸ್ಟಿಮೋಸಾ, ಜೆಫ್ರಿ ಕಾರಿಯಾಸೊ ಮೊದಲಾದವರು ಅಮೆರಿಕದ ಶಾನ್ ಚೇಂಬರ್ಸ್ ಅವರ ಜೊತೆಗೂಡಿ ಅದನ್ನು ಸಾಧಿಸಿದರು. ಕೋನ್ ಆ ತಂಡದಲ್ಲಿ ಎರಡು ದಶಕಕ್ಕೂ ಹೆಚ್ಚು ಕಾಲ ಇದ್ದು 13 ಪ್ರಶಸ್ತಿ ತಂದುಕೊಟ್ಟರು. 14ನೆಯದು, ಅಂದರೆ ಕೊನೆಯದು, 2013ರಲ್ಲಿ ಬಂತು.

ಗೆದ್ದ ತಂಡವನ್ನು ಪ್ರೀತಿಸುವುದು ಸುಲಭ, ಸರಿ. ಆದರೆ 2016ರ ಫೆಬ್ರುವರಿಯಲ್ಲಿ ನಾನು ಅಲ್ಲಿಯೇ ಇದ್ದೆ. ಮೂರು ಟೂರ್ನಿಗಳಲ್ಲಿ ಒಂದಾದ ಫಿಲಿಪ್ಪೀನ್ ಕಪ್‌ನ ಫೈನಲ್‌ನಲ್ಲಿ ಏಳು ಪಂದ್ಯಗಳ ಪೈಕಿ ನಾಲ್ಕನ್ನು ಮೊದಲು ಗೆದ್ದವರಿಗೆ ಕಪ್. ಎದುರಾಳಿ ಸ್ಯಾನ್ ಮಿಗೆಲ್‌ನ ಎತ್ತರದ ಆಟಗಾರ ಜೂನ್ ಮಾರ್ ಫಹಾರ್ಡೊ ಮೊಣಕಾಲಿನ ಗಾಯದಿಂದ ಹೊರಗುಳಿದಿದ್ದಾಗ ಅಲಾಸ್ಕ ಮೊದಲ ಮೂರು ಪಂದ್ಯಗಳನ್ನು ಗೆದ್ದುಕೊಂಡಿತ್ತು. ಇನ್ನೊಂದೇ ಒಂದು ಬೇಕಿತ್ತು. ನಾಲ್ಕನೆಯದನ್ನು ಹೆಚ್ಚುವರಿ ಅವಧಿಯಲ್ಲಿ ಸೋತಿತು. ಐದನೆಯದಕ್ಕೆ ಫಹಾರ್ಡೊ ಮರಳಿದರು. ಅದೂ ಹೆಚ್ಚುವರಿ ಅವಧಿಯಲ್ಲಿ ಕೈತಪ್ಪಿತು. ಆರನೆಯದೂ ಹೋಯಿತು. ಫೆಬ್ರುವರಿ 3ರ ರಾತ್ರಿ ಮಾಲ್ ಆಫ್ ಏಷ್ಯಾ ಅರೀನಾದಲ್ಲಿ ನಡೆದ ಏಳನೇ ಪಂದ್ಯವನ್ನು ಸ್ಯಾನ್ ಮಿಗೆಲ್ 96–89ರಿಂದ ಗೆದ್ದಾಗ, ಮೂರು ಸೋಲಿನ ಹಿನ್ನಡೆಯಿಂದ ಎದ್ದು ಫೈನಲ್ ಗೆದ್ದ ಮೊದಲ ತಂಡವೆಂದು ಪಿಬಿಎ ಇತಿಹಾಸದಲ್ಲಿ ಅದರ ಹೆಸರು ಸೇರಿತು. ಸೋತವರ ಪಾಡನ್ನು ನಾನು ಕಂಡದ್ದು ಮರುದಿನ. ಆ ಹಿರಿಯರು ಅಲಾಸ್ಕದ ಹಳೆಯ ಅಂಗಿಯನ್ನು ತೊಟ್ಟು ಕೆಲಸಕ್ಕೆ ಬಂದಿದ್ದರು. ಯಾರೊಡನೆಯೂ ಮಾತನಾಡಲಿಲ್ಲ. ಜಾಹೀರಾತಿಗಾಗಿ ಯಾರೂ ಹಾಗೆ ಮೌನವಾಗುವುದಿಲ್ಲ.

ಇನ್ನು ಕೊನೆಯ ಋತುವಿನ ಮಾತು. ಕೊರೊನಾದ ಕಾರಣ ಆ ಋತುವಿನಲ್ಲಿ ಎರಡೇ ಟೂರ್ನಿಗಳು ನಡೆದವು. ಮೊದಲನೆಯದರಲ್ಲಿ ಅಲಾಸ್ಕ ಸೆಮಿಫೈನಲ್ ತಲುಪಿರಲಿಲ್ಲ. 1996ರಲ್ಲಿ ಆಟಗಾರರಾಗಿದ್ದ ಕಾರಿಯಾಸೊ ಆಗ ಕೋಚ್. ಹೊಸ ತಲೆಮಾರಿನ ಮುಂದಾಳು ಜೆರಾನ್ ಟೆಂಗ್. ಇವರ ತಂದೆ ಆಲ್ವಿನ್ ಟೆಂಗ್ ಎದುರಾಳಿ ಸ್ಯಾನ್ ಮಿಗೆಲ್‌ನ ಹೆಸರಾಂತ ಆಟಗಾರರಾಗಿದ್ದವರು. 2021ರ ಡಿಸೆಂಬರ್‌ನಲ್ಲಿ ಶುರುವಾದ ಎರಡನೇ ಟೂರ್ನಿ ಗವರ್ನರ್ಸ್ ಕಪ್ ಒಮಿಕ್ರಾನ್ ಅಲೆಯಿಂದ ನಿಂತು ಫೆಬ್ರುವರಿಯಲ್ಲಿ ಮುಂದುವರಿಯಿತು. ಆಟ ಮತ್ತೆ ಶುರುವಾಗಿ ವಾರ ಕಳೆಯುವ ಮೊದಲೇ, ಫೆಬ್ರುವರಿ 16ರಂದು, 35 ವರ್ಷಗಳ ನಂಟು ಮುಗಿಸಿ ಈ ಟೂರ್ನಿಯ ಬಳಿಕ ಲೀಗ್ ತೊರೆಯುವುದಾಗಿ ಕಂಪನಿ ಪ್ರಕಟಿಸಿತು. ಆ ಹಾಲಿನ ಕಂಪನಿ 2012ರಲ್ಲೇ ನೆದರ್ಲೆಂಡ್ಸ್‌ನ ಫ್ರೀಸ್‌ಲ್ಯಾಂಡ್‌ಕಾಂಪಿನಾದ ಪಾಲಾಗಿತ್ತು. ಅದೂ ಹೈನುಗಾರರ ಸಹಕಾರ ಸಂಸ್ಥೆಯೇ ಎಂಬುದು ಮಂಡ್ಯದವನಾದ ನನಗೆ ಗಮನಿಸಬೇಕೆನ್ನಿಸಿದ ಸಂಗತಿ. ಲೀಗ್‌ನ ಹನ್ನೆರಡು ತಂಡಗಳಲ್ಲಿ ಆರು ಎರಡೇ ಉದ್ಯಮ ಸಮೂಹಗಳ ಕೈಯಲ್ಲಿದ್ದು, ಅವುಗಳಿಂದ ಹೊರತಾಗಿ ನಿಂತು ಗೆಲ್ಲುತ್ತಿದ್ದ ಹಳೆಯ ತಂಡವಿದು. ಆದ್ದರಿಂದ ಇದರ ನಿರ್ಗಮನ ಲೀಗ್‌ಗೂ ನಷ್ಟವೆಂದೇ ನನ್ನ ಎಣಿಕೆ.

ಮೆಚ್ಚಬೇಕಾದದ್ದು ಏನೆಂದರೆ ಕಂಪನಿ ಬಾಗಿಲು ಮುಚ್ಚಿ ಸುಮ್ಮನೆ ಹೋಗಲಿಲ್ಲ. ಮೊದಲೇ ಹೇಳಿತು, ಟೂರ್ನಿಯನ್ನು ಪೂರ್ತಿಯಾಗಿ ಆಡಿಸಿತು, ತನ್ನ ಸ್ಥಾನವನ್ನು ಬೇರೊಬ್ಬರಿಗೆ ವಹಿಸಿಕೊಟ್ಟಿತು. ನಾನು ಆಗ ಮಂಡ್ಯಕ್ಕೆ ಮರಳಿದ್ದೆ. ಮೊಬೈಲಿನಲ್ಲೇ ಆ ಪಂದ್ಯಗಳನ್ನು ನೋಡಿದೆ. ತಂಡ ಕ್ವಾರ್ಟರ್‌ಫೈನಲ್ ಮುಟ್ಟಿ, ಮಾರ್ಚ್‌ನಲ್ಲಿ ಎನ್‌ಎಲ್‌ಇಎಕ್ಸ್ ಎದುರು ಸೋತು ಹೊರಬಿತ್ತು. ಆ ಟೂರ್ನಿಯ ಕಪ್ಪನ್ನು ಗೆದ್ದ ಹಿನೆಬ್ರಾದ ಕೋಚ್ ಅದೇ ಟಿಮ್ ಕೋನ್. ಅಲಾಸ್ಕದ ಸ್ಥಾನವನ್ನು ಇಂಟರ್‌ನೆಟ್ ಸೇವೆಯ ಕನ್ವರ್ಜ್ ಕಂಪನಿ ಕೊಂಡಿತು. ಟೆಂಗ್ ಮೊದಲಾದ ಆಟಗಾರರು ಹೊಸ ತಂಡಕ್ಕೆ ಸೇರಿದರು; ಕಾರಿಯಾಸೊ ಅವರಿಗೆ ಅಲ್ಲಿ ಕೋಚ್ ಆಗಿ ಮುಂದುವರಿಯಲು ಆಗಲಿಲ್ಲ. ಇದು ನನಗೆ ಇಂದಿಗೂ ಬೇಸರದ ವಿಷಯ. ಇಪ್ಪತ್ತಾರು ವರ್ಷಗಳ ಹಿಂದೆ ಆ ತಂಡಕ್ಕಾಗಿ ಎಲ್ಲವನ್ನೂ ಗೆದ್ದವರನ್ನು ಹೊಸ ಮಾಲೀಕರು ಒಂದು ಋತುವಿನ ಮಟ್ಟಿಗಾದರೂ ಉಳಿಸಿಕೊಳ್ಳಬಹುದಿತ್ತು.

ಇದನ್ನೆಲ್ಲ ಇಲ್ಲಿ ಬರೆಯಲು ಕಾರಣ, ನಮ್ಮಲ್ಲೂ ಇಂಥ ತಂಡಗಳಿದ್ದವು ಎಂಬುದು. ಐಟಿಐ ಮತ್ತು ಎಚ್‌ಎಎಲ್‌ನ ಫುಟ್‌ಬಾಲ್ ತಂಡಗಳು ಬೆಂಗಳೂರಿನಿಂದ ಹೋಗಿ ರಾಷ್ಟ್ರಮಟ್ಟದ ಲೀಗ್‌ನಲ್ಲಿ ಆಡಿದ್ದವು. ವಿಜಯ ಬ್ಯಾಂಕಿನ ಬ್ಯಾಸ್ಕೆಟ್‌ಬಾಲ್ ತಂಡದ ಹೆಸರು 2019ರ ಏಪ್ರಿಲ್ 1ರ ವಿಲೀನದೊಂದಿಗೆ ಇಲ್ಲವಾಯಿತು. ಕಾರ್ಖಾನೆಯ, ಬ್ಯಾಂಕಿನ ಹೆಸರಿದ್ದ ಮಾತ್ರಕ್ಕೆ ಅವನ್ನು ನೋಡಲು ಹೋದವರ ಅಕ್ಕರೆ ಕಡಿಮೆಯದಾಗಿರಲಿಲ್ಲ. ಆ ತಂಡಗಳಲ್ಲಿ ಆಡಿದವರು, ಅವುಗಳ ಪಂದ್ಯಗಳನ್ನು ಕಂಠೀರವ ಒಳಾಂಗಣದಲ್ಲೋ ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದಲ್ಲೋ ಕಂಡವರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರನ್ನು ಮಾತನಾಡಿಸಿ, ಒಂದೊಂದು ತಂಡದ ಕೊನೆಯ ಋತು ಹೇಗಿತ್ತು ಎಂಬುದನ್ನು ತಮ್ಮ ಕ್ರೀಡಾ ಪುಟದಲ್ಲಿ ಸರಣಿಯಾಗಿ ಪ್ರಕಟಿಸಬೇಕೆಂದು ವಿನಂತಿಸುತ್ತೇನೆ. ಮೊದಲ ಲೇಖನ ವಿಜಯ ಬ್ಯಾಂಕ್ ತಂಡದ ಬಗ್ಗೆಯೇ ಬಂದರೆ ಸಂತೋಷ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಕೃಷಿ ಸಂಶೋಧಕ, ಮಂಡ್ಯ