ಮಗಳ ಹುಳ, ನಿನ್ನ ಹೆದರಿಕೆ

ಚಿ. ಸೌ. ಸುಮಾಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ಕುಶಲದ ಮಾತೆಲ್ಲ ಇನ್ನೊಮ್ಮೆ ಬರೆಯುತ್ತೇನೆ. ಮಗಳಿಗೆ ಹುಳ ಆಗಿದೆ ಅಂತ ಬರೆದು "ನಾನು ಕೊಳಕು ತಾಯಿಯಾ ದೊಡ್ಡಮ್ಮ?" ಅಂತ ಕೇಳಿದ್ದೀಯಲ್ಲ, ಅದನ್ನು ಓದಿದ ಮೇಲೆ ಬೇರೇನೂ ತೋಚಲಿಲ್ಲ.

ಅದು ದಾರದ ಹುಳ ಕಣೇ. ಹೆಣ್ಣು ಹುಳ ರಾತ್ರಿ ಹೊರಗೆ ಬಂದು ಗುದದ ಸುತ್ತ ಮೊಟ್ಟೆ ಇಡುತ್ತದೆ. ಮಗು ನಿದ್ದೆಗೆಟ್ಟು ಕೆರೆದುಕೊಳ್ಳುವುದು ಅದಕ್ಕೇ. ಆ ಉಗುರಿನಿಂದ ಮೊಟ್ಟೆ ಬಾಯಿಗೆ, ಹಾಸಿಗೆಗೆ, ಪಕ್ಕದ ಮಗುವಿನ ಆಟಿಕೆಗೆ. ದಿನಾ ಎರಡು ಸಲ ಮೀಯಿಸುವ ಮನೆಗೂ ಬರುತ್ತದೆ. ಇದರಲ್ಲಿ ನಿನ್ನ ಕೊಳಕು ಎಲ್ಲಿಂದ ಬಂತು?

ಸಿಹಿ ಜಾಸ್ತಿ ಕೊಟ್ಟೆ ಅಂತ ನಿನ್ನತ್ತೆ ಅಂದರಂತೆ. ನಮ್ಮಮ್ಮನೂ ಹಾಗೇ ಅನ್ನುತ್ತಿದ್ದಳು. ಸಿಹಿಯಿಂದ ಹುಳ ಹುಟ್ಟುವುದಿಲ್ಲ. ಆದರೆ ನಿನ್ನಮ್ಮನಿಗೆ ಹುಳ ಆದಾಗ ಬೆಲ್ಲದ ಡಬ್ಬಿ ಅಟ್ಟ ಹತ್ತಿತು, ಬೇವಿನ ರಸ ಗಂಟಲಿಗಿಳಿಯಿತು. ಯುಗಾದಿಯ ದಿನ ನಮಗೆಲ್ಲ ಹೋಳಿಗೆ, ಅವಳಿಗೆ ಬರೀ ಅನ್ನ ಸಾರು. ನಾವು ಮಕ್ಕಳು "ಹುಳದ ಹುಡುಗಿ" ಅಂತ ನಕ್ಕೆವು. ಮದುವೆಯಾದ ಮೇಲೂ ನಾಲ್ಕು ಜನರ ಮುಂದೆ ಸಿಹಿಗೆ ಕೈ ಹಾಕಲು ಹಿಂಜರಿಯುತ್ತಿದ್ದಳು ಅವಳು. ಆ ನಗು ನೆನೆದರೆ ಈಗಲೂ ಸಂಕಟ. ನಿನ್ನ ಮಗಳಿಗೆ ಹಾಗಾಗುವುದು ಬೇಡ.

ಫೆಬ್ರವರಿ 10ರಂದು ಅಂಗನವಾಡಿಯಲ್ಲಿ ಮಾತ್ರೆ ನುಂಗಿಸಿದ್ದರು, ಮತ್ತೆ ಹೇಗೆ ಬಂತು ಅಂತ ಕೇಳಿದ್ದೀಯ. ಮಾತ್ರೆ ಹುಳ ಸಾಯಿಸುತ್ತದೆ, ಮೊಟ್ಟೆಯನ್ನಲ್ಲ. ಮೊಟ್ಟೆ ಬಟ್ಟೆಬರೆಯಲ್ಲಿ ಎರಡು ಮೂರು ವಾರ ಬದುಕಿರುತ್ತದೆ. ಅದಕ್ಕೇ ಎರಡು ವಾರ ಬಿಟ್ಟು ಆಲ್ಬೆಂಡಜೋಲ್ ಅನ್ನುವ ಆ ಹುಳದ ಮಾತ್ರೆ ಇನ್ನೊಮ್ಮೆ ಕೊಡುತ್ತಾರೆ, ಮನೆಮಂದಿಗೆಲ್ಲ ಒಟ್ಟಿಗೆ. ಎಷ್ಟು ಅಂತ ಡಾಕ್ಟರನ್ನೇ ಕೇಳು, ನಾನೇನು ಓದಿದವಳೇ? ಬಸುರಿ ನಾದಿನಿಗೆ ಮಾತ್ರ ಅವರನ್ನು ಕೇಳದೆ ಕೊಡಲೇಬೇಡ.

ಮಲ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ ಅಂತ ಗೊಂದಲ ಬೇಡ. ಈ ಹುಳ ಅದರಲ್ಲಿ ಸಿಗುವುದೇ ಕಮ್ಮಿ. ಬೆಳಿಗ್ಗೆ ಎದ್ದ ಕೂಡಲೇ, ತೊಳೆಯುವ ಮೊದಲು, ಗುದದ ಸುತ್ತ ಸೆಲ್ಲೋಟೇಪ್ ಒತ್ತಿ ತೆಗೆದು ನೋಡುತ್ತಾರೆ, 3 ದಿನ. ನೀನು ಕಣ್ಣಾರೆ ಕಂಡಿದ್ದೀಯಲ್ಲ, ಅದೂ ಬೇಕಾಗಲಿಕ್ಕಿಲ್ಲ.

ಮತ್ತೆ ಅದೇ ಹೇಳುತ್ತೇನೆ, ಇದು ನಿನ್ನಿಂದ ಬಂದದ್ದಲ್ಲ. ರಾತ್ರಿಯೆಲ್ಲ ಫಿನಾಯಿಲ್ ಹಾಕಿ ನೆಲ ಉಜ್ಜುವುದು ನಿಲ್ಲಿಸು. ಮಗಳ ಉಗುರು ಕತ್ತರಿಸು, ಎದ್ದ ಕೂಡಲೇ ಮೀಯಿಸು, ಚಡ್ಡಿ ಬದಲಿಸು. ಹೊದಿಕೆ ಕೊಡವಬೇಡ, ಹಾಗೇ ಮಡಚಿ ಬಿಸಿನೀರಿಗೆ ಹಾಕು. ಊಟಕ್ಕೆ ಮೊದಲು ಸೋಪು ಹಾಕಿ ಕೈ ತೊಳೆಸು. ನಿನಗೆ ಗೊತ್ತಿರುವುದೇ, ಸುಮ್ನೆ ಬರೆದೆ.

ನಿನ್ನತ್ತೆಗೂ ಮಾತ್ರೆ ಕೊಡಿಸು. ನನಗ್ಯಾಕೆ ಅಂದರೆ ಡಾಕ್ಟರ್ ಹೇಳಿದ್ದಾರೆ ಅನ್ನು, ನನ್ನ ಹೆಸರು ತರಬೇಡ.

ನಿನ್ನ ದೊಡ್ಡಮ್ಮ