ಕ್ವಾಂಟಮ್ ಸುದ್ದಿಯಲ್ಲಿ ಹರಳಿಗೂ ಜಾಗವಿರಲಿ

ಮಾನ್ಯ ಸಂಪಾದಕರೇ,

ಬೆಳಕಿನ ಕಣಗಳಾದ ಫೋಟಾನುಗಳ ಮೂಲಕ ಗುಟ್ಟಾಗಿ ಸಂದೇಶ ಕಳಿಸುವ ಕ್ವಾಂಟಮ್ ಸಂವಹನದ ಬಗ್ಗೆ ಪತ್ರಿಕೆಯಲ್ಲಿ ಏನೇ ಬಂದರೂ ಆಸೆಯಿಂದ ಓದುತ್ತೇನೆ. ಉಪಗ್ರಹ, ಗೂಢಲಿಪಿ, ಕೋಟಿಗಳ ಲೆಕ್ಕ ಎಲ್ಲವೂ ಇರುತ್ತವೆ. ಅವಳಿ ಫೋಟಾನುಗಳು ಹುಟ್ಟುವ ಹರಳಿನ ಹೆಸರು ಮಾತ್ರ ಇರುವುದಿಲ್ಲ. ಪಿಯು ಮಕ್ಕಳಿಗೆ ಮೂವತ್ತು ವರ್ಷ ಭೌತವಿಜ್ಞಾನ ಕಲಿಸಿದ ನನಗೆ ಈ ಕೊರತೆ ನೋವು ತರುತ್ತದೆ.

ಚೀನಾ 2016ರಲ್ಲಿ ಹಾರಿಸಿದ ಮಿಸಿಯಸ್ ಉಪಗ್ರಹವನ್ನೇ ನೋಡಿ. ಸುಮಾರು 1,200 ಕಿ.ಮೀ. ದೂರದ ಎರಡು ನೆಲೆಗಳಿಗೆ ಅದು ಹಂಚಿದ ಫೋಟಾನುಗಳು ಹುಟ್ಟಿದ್ದು ಕೆಟಿಪಿ (ಪೊಟ್ಯಾಸಿಯಂ ಟೈಟನಿಲ್ ಫಾಸ್ಫೇಟ್) ಎಂಬ ಫೆರೊಎಲೆಕ್ಟ್ರಿಕ್ ಹರಳಿನ ತುಂಡಿನಲ್ಲಿ. ಹೆಸರಿನಲ್ಲಿ ‘ಫೆರೊ’ ಇದ್ದರೂ ಇದರಲ್ಲಿ ಕಬ್ಬಿಣವಿಲ್ಲ. ಅಯಸ್ಕಾಂತಕ್ಕೆ ಉತ್ತರ ದಕ್ಷಿಣಗಳಿರುವಂತೆ ಇದಕ್ಕೆ ಹುಟ್ಟಿನಿಂದಲೇ ವಿದ್ಯುತ್ತಿನ ಒಂದು ದಿಕ್ಕಿರುತ್ತದೆ. ಬಲವಾದ ವೋಲ್ಟೇಜ್ ಕೊಟ್ಟರೆ ಆ ದಿಕ್ಕು ತಲೆಕೆಳಗಾಗಿ ಹಾಗೆಯೇ ನಿಲ್ಲುತ್ತದೆ. ಒಂದು ಪಟ್ಟಿ ಮೇಲ್ಮುಖ, ಪಕ್ಕದ್ದು ಕೆಳಮುಖ, ಮತ್ತೆ ಮೇಲ್ಮುಖ: ಹರಳಿನ ಉದ್ದಕ್ಕೂ ಹೀಗೆ ಸಾಲು ಹೊಡೆಯುವುದಕ್ಕೆ ಪೋಲಿಂಗ್ ಎನ್ನುತ್ತಾರೆ.

ಇಷ್ಟು ಶ್ರಮ ಏಕೆ? ಅವಳಿ ಫೋಟಾನುಗಳು ಹುಟ್ಟುವುದೂ ಒಂದು ಬಣ್ಣದ ಬೆಳಕು ಇನ್ನೊಂದು ಬಣ್ಣವಾಗುವ ಮೂಲಕವೇ. ಹರಳಿನೊಳಗೆ ಒಂದು ಬಣ್ಣದ ಬೆಳಕಿನಿಂದ ಇನ್ನೊಂದು ಬಣ್ಣ ಹುಟ್ಟುವಾಗ ಎರಡರ ವೇಗವೂ ಬೇರೆಬೇರೆ. ಕೆಲವೇ ಮೈಕ್ರಾನು (ಮಿಲಿಮೀಟರಿನ ಸಾವಿರದೊಂದು ಪಾಲು) ಸಾಗುವಷ್ಟರಲ್ಲಿ ಹೆಜ್ಜೆ ತಪ್ಪಿ, ಹೊಸ ಬೆಳಕು ಮತ್ತೆ ಹಳೆಯದರಲ್ಲೇ ಕರಗತೊಡಗುತ್ತದೆ. ನಮ್ಮ ಕಡೆಯ ಪಂಚಮಿ ಜೋಕಾಲಿಯನ್ನು ಲಯ ತಪ್ಪಿ ನೂಕಿದರೂ ಹೀಗೆಯೇ, ಏರಬೇಕಾದದ್ದು ಕುಗ್ಗುತ್ತದೆ. ಹೆಜ್ಜೆ ತಪ್ಪುವ ಜಾಗದಲ್ಲೇ ಹರಳಿನ ದಿಕ್ಕನ್ನು ತಿರುಗಿಸಿಟ್ಟರೆ ಪ್ರತಿ ನೂಕೂ ಜೋಕಾಲಿಯನ್ನು ಏರಿಸುತ್ತದೆ. ಭೌತವಿಜ್ಞಾನಿ ಬ್ಲೂಂಬರ್ಗೆನ್ ಮತ್ತು ಸಂಗಡಿಗರು 1962ರಲ್ಲೇ ಈ ಉಪಾಯ ಸೂಚಿಸಿದ್ದರು. ಆದರೆ ಲಿಥಿಯಂ ನಯೋಬೇಟ್ ಎಂಬ ಇಂಥದೇ ಇನ್ನೊಂದು ಹರಳಿನ ದಿಕ್ಕು ತಿರುಗಬೇಕಾದರೆ ಪ್ರತಿ ಮಿಲಿಮೀಟರಿಗೆ ಸುಮಾರು 21,000 ವೋಲ್ಟ್ ಬೇಕು. ಸ್ವಲ್ಪ ಎಡವಿದರೂ ಹರಳು ಸಿಡಿಯುತ್ತದೆ. ವಿದ್ಯುತ್ ಕ್ಷೇತ್ರದಿಂದ ಇಂಥ ಸಾಲುಗಳನ್ನು ಅಚ್ಚುಕಟ್ಟಾಗಿ ಮೂಡಿಸಿದ ಕೆಲಸವನ್ನು ಜಪಾನಿನ ಸೋನಿ ಸಂಶೋಧಕರು ಪ್ರಕಟಿಸಿದ್ದು 1993ರಲ್ಲಿ. ಮೂರು ದಶಕಗಳ ತಾಳ್ಮೆ ಅದು! ಕಣ್ಣಿಗೆ ಕಾಣದ ಅವಕೆಂಪು ಲೇಸರನ್ನು ಹಸಿರಾಗಿಸುವ ಲಿಥಿಯಂ ನಯೋಬೇಟಿನಲ್ಲಿ ಒಂದು ಜೋಡಿ ಸಾಲಿನ ಅಗಲ ಸುಮಾರು 7 ಮೈಕ್ರಾನು, ಅಂದರೆ ಕೂದಲೆಳೆಯ ಹತ್ತನೇ ಒಂದು ಪಾಲು. ಸಾಲಿನ ಅಗಲ ಬದಲಿಸಿದರೆ ಅದೇ ಹರಳು ಮೀಥೇನ್ ಸೋರಿಕೆ ಪತ್ತೆಹಚ್ಚುವ ಅವಕೆಂಪು ಬೆಳಕನ್ನೂ ಕೊಡುತ್ತದೆ.

ರಾಷ್ಟ್ರೀಯ ಕ್ವಾಂಟಮ್ ಮಿಷನ್‌ಗೆ 2023ರಲ್ಲಿ 6,003 ಕೋಟಿ ರೂಪಾಯಿಗೂ ಹೆಚ್ಚು ಮೊತ್ತ ಮಂಜೂರಾಗಿದೆ. ಅದರ ನಾಲ್ಕು ಕೇಂದ್ರಗಳಲ್ಲಿ ಒಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದೆ. ಈ ಹಣದಲ್ಲಿ ಹರಳು ಬೆಳೆಸುವವರಿಗೆ, ಕೊಯ್ದು ಮೆರುಗು ಕೊಡುವವರಿಗೆ, ಪೋಲಿಂಗ್ ಮಾಡುವ ತಂತ್ರಜ್ಞರಿಗೆ ತರಬೇತಿ ಮತ್ತು ಖಾಯಂ ಕೆಲಸ ಸಿಗಬೇಕು. ಇದು ಕೈಯಿಂದ ಕೈಗೆ ದಾಟುವ ವಿದ್ಯೆ. ಒಂದು ಯೋಜನೆ ಮುಗಿದೊಡನೆ ಅವರು ಚದುರಿದರೆ ಮುಂದಿನವರು ಮೊದಲಿನಿಂದ ಕಲಿಯಬೇಕಾಗುತ್ತದೆ.

ತಮ್ಮಲ್ಲಿ ನನ್ನ ಕೋರಿಕೆ ಇಷ್ಟೇ. ಆಮ್ಲದಲ್ಲಿ ತೊಳೆದ ಇಂಥ ಹರಳನ್ನು ಸೂಕ್ಷ್ಮದರ್ಶಕದಲ್ಲಿಟ್ಟರೆ ಆ ಸಾಲುಗಳು ಉತ್ತ ಹೊಲದಂತೆ ಸ್ಪಷ್ಟವಾಗಿ ಕಾಣುತ್ತವೆ. ಅಂಥದೊಂದು ಚಿತ್ರವನ್ನು ವಿಜ್ಞಾನ ಪುಟದಲ್ಲಿ ದೊಡ್ಡದಾಗಿ ಮುದ್ರಿಸಿ. ನಮ್ಮ ಹಳ್ಳಿಯ ಕಾಲೇಜುಗಳ ಮಕ್ಕಳು ಅದನ್ನು ನೋಡಲಿ.

ತಮ್ಮ ವಿಶ್ವಾಸಿ,
ನಿವೃತ್ತ ಭೌತವಿಜ್ಞಾನ ಉಪನ್ಯಾಸಕ, ಧಾರವಾಡ